ಏಳು ಪರ್ಸೆಂಟ್ ಮತ್ತು ಶಾಲೆಯ ಗಂಟೆ

ಹೊಳೆದಂಡೆಯ ಆಶ್ರಮದಲ್ಲಿ ಕರೆಂಟ್ ಹೋಗಿ ಮೂರನೆಯ ದಿನ. ಸೇತುವೆ ನೀರಿನಡಿ. ಶಿಷ್ಯ ಕಲ್ಲಿನಾಥನ ಮೊಬೈಲಿನಲ್ಲಿ ಉಳಿದದ್ದು ಒಂಬತ್ತು ಪರ್ಸೆಂಟ್. ಹನ್ನೊಂದು ಎನ್ನುವವರೂ ಇದ್ದಾರೆ. ಅವರು ಅಲ್ಲಿರಲಿಲ್ಲ. ನಾನೂ ಇರಲಿಲ್ಲ.

ಆಚೆ ದಡದ ಆಸ್ಪತ್ರೆಯಲ್ಲಿ ಅವನ ಅಕ್ಕನಿಗೆ ಹೆರಿಗೆ ನೋವು. ರಕ್ತ ಬೇಕಾಗಬಹುದು ಎಂದಿದ್ದರು ಡಾಕ್ಟರು. ಅವಳಿಗೆ ಹೊಂದುವ ರಕ್ತ ತಮ್ಮನದು ಮಾತ್ರ. ಬೇಕಾದರೆ ಮೆಸೇಜ್ ಹಾಕುತ್ತೇನೆ ಎಂದಿದ್ದ ಅಕ್ಕನ ಗಂಡ.

ಕಲ್ಲಿನಾಥ ನಿಮಿಷಕ್ಕೊಮ್ಮೆ ಮೊಬೈಲ್ ತೆರೆಯುತ್ತಿದ್ದ. ಎಂಟು. ಏಳು.

"ಏನ್ ನೋಡ್ತೀಯೋ?" ಎಂದರು ಗುರು ಅಡವಯ್ಯಜ್ಜ.

"ಸುದ್ದಿ ಬಂತೇನಂತ, ಅಜ್ಜಾರ. ಸಿಗ್ನಲ್ ನಿಲ್ಲವಲ್ದು. ಟವರ್ ಹುಡುಕಿ ಹುಡುಕಿ ಇದರ ಮೈ ಸುಡಾಕ ಹತ್ತೇತಿ."

ಅಜ್ಜ ಕೈಚಾಚಿ ಮೊಬೈಲ್ ಇಸಿದುಕೊಂಡರು. ಆಫ್ ಮಾಡಿದರು.

"ಅಜ್ಜಾರ! ಈಗ ಮೆಸೇಜ್ ಬಂದರ?"

"ಬಂದದ್ದು ಅಲ್ಲೇ ಕುಂತು ಕಾಯತೈತಿ. ಗಂಟಿ ಹೊಡೀಲಿ, ತೆಗಿಯೋಣು."

ಗಂಟೆ ಎಂದರೆ ಆಚೆ ದಡದ ಶಾಲೆಯ ಪಿರಿಯಡ್ ಗಂಟೆ. ಅದು ಬಾರಿಸಿದಾಗಲೆಲ್ಲ ಅಂಬಿಗ ದುರ್ಗಪ್ಪ ಗುಡಿಸಲಿನಿಂದ ಹೊರಬಂದು ಈ ದಡ ನೋಡುತ್ತಿದ್ದ. ಯಾರಾದರೂ ಬಟ್ಟೆ ಬೀಸಿದರೆ ಹರಿಗೋಲು ತರುತ್ತಿದ್ದ. ಇಲ್ಲದಿದ್ದರೆ ಒಳಹೋಗಿ ಮಲಗುತ್ತಿದ್ದ.

"ಅಷ್ಟರಾಗ ಅಕ್ಕಗ ಏನರೆ ಆದರ?"

"ಸುದ್ದಿ ಮೊದಲ ಬಂದರೂ ಹರಿಗೋಲು ಗಂಟಿಗೇ ಬರೂದು. ಕುಂದ್ರು."

ಅವನು ಕೂರಲಿಲ್ಲ. ಅಂಬಿಗನನ್ನು ಈಗಲೇ ಎಬ್ಬಿಸುತ್ತೇನೆಂದು ನೀರಿನಂಚಿಗೆ ಓಡಿದ.

"ದುರ್ಗಪ್ಪಾ! ಏ ದುರ್ಗಪ್ಪಾ!"

ಹೊಳೆಯ ಸದ್ದು ಕೂಗನ್ನು ನುಂಗಿತು. ಅವನು ಇನ್ನೂ ಜೋರಾಗಿ ಕೂಗಿದ. ಬಂಡೆ ಹತ್ತಿ ಕೂಗಿದ. ಅರ್ಧ ತಾಸು ಕೂಗಿದ. ಗುಡಿಸಲಿನ ಬಾಗಿಲು ಅಲುಗಲಿಲ್ಲ.

ಅಜ್ಜ ಬಂಡೆಯ ಬುಡದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡರು.

ಗಂಟೆ ಬಾರಿಸಿತು.

ಅಜ್ಜ ಬಂಡೆ ಹತ್ತಿ ಮೊಬೈಲ್ ಆನ್ ಮಾಡಿದರು. ಆರು. ಐದು. ಒಂದು ಗೆರೆ ಸಿಗ್ನಲ್. ಮೊಬೈಲ್ ಒಮ್ಮೆ ಗುಂಯ್ ಎಂದಿತು.

"ರಕ್ತ ಬೇಕು. ಲಗೂನ ಬಾ."

ಆಚೆ ದಡದಲ್ಲಿ ದುರ್ಗಪ್ಪ ಹೊರಬಂದು ಹಣೆಗೆ ಕೈ ಅಡ್ಡ ಹಿಡಿದಿದ್ದ. ಕಲ್ಲಿನಾಥ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಅಜ್ಜ ಹೆಗಲ ಮೇಲಿನ ಕಾವಿ ವಸ್ತ್ರ ತೆಗೆದು ಒಂದೇ ಸಲ ಬೀಸಿದರು.

ದುರ್ಗಪ್ಪ ಹುಟ್ಟು ಕೈಗೆತ್ತಿಕೊಂಡ.

ಹರಿಗೋಲು ಈ ದಡಕ್ಕೆ ತಾಗಿತು. ಕಲ್ಲಿನಾಥ ಹಾರಿ ಕುಳಿತು ಏನೋ ಹೇಳಲು ಹೋದ. ಬರೀ ಗೊರಗೊರ.

"ಯಾಕ್ರೀ ಅಜ್ಜಾರ, ಇವರ ದನಿ ಎಲ್ಲಿ ಹೋತು?" ಎಂದ ದುರ್ಗಪ್ಪ.

ಅಜ್ಜ ಮೊಬೈಲ್ ಆಫ್ ಮಾಡಿ ಶಿಷ್ಯನ ಜೇಬಿಗೆ ಇಳಿಸಿದರು.

"ಟವರ್ ಹುಡುಕಾಕ ಹೋಗಿತ್ತು. ಆಚೆ ದಡ ಮುಟ್ಟೂತನಕ ಇವನ್ನ ಮಾತಾಡಿಸಬ್ಯಾಡ ದುರ್ಗಪ್ಪಾ. ಇವನ ಮೈಯಾಗ ಉಳಿದದ್ದು ಅವರಕ್ಕಗ ಬೇಕು."