ಮೂಡ್ಲಗಿರಿ ತನ್ನ ವ್ಯಾನಿನ ಸೌಂಡು ಸರಿ ಮಾಡಿಸಿದ್ದು

ತುರುವೇಕೆರೆ ಕಡೆಯ ಒಂದೂರಲ್ಲಿ ಸಿದ್ದಗಂಗಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮೂಡ್ಲಗಿರಿ. ಹೇಳಿದ ಮಾತು ಮೀರುವವನೇ ಅಲ್ಲ. ಅದೇ ಅವಳ ಕಷ್ಟ. "ಹಾಲು ಉಕ್ತೈತೇನೋ ನೋಡ್ತಿರು" ಅಂದರೆ, ಉಕ್ಕಿ ಒಲೆಯೆಲ್ಲ ತೊಯ್ದು ಹೋಗುವವರೆಗೂ ನೋಡುತ್ತ ಕೂತು, "ಉಕ್ತು ಕಣಮ್ಮ, ಚೆನ್ನಾಗಿ ಉಕ್ತು" ಅನ್ನುತ್ತಿದ್ದ.

ಕೈಯಲ್ಲಿ ಕೆಲಸವಿತ್ತು ಅನ್ನಿ. ಒಂದು ಹಳೇ ವ್ಯಾನು. ಮದುವೆಮನೆಗೆ, ತಿಥಿಮನೆಗೆ ಕುರ್ಚಿ, ಪಾತ್ರೆ ಸಾಗಿಸುತ್ತಿದ್ದ. ಆದರೆ ವಯಸ್ಸು ಇಪ್ಪತ್ತೊಂಬತ್ತು ತುಂಬಿತ್ತು, ಹೆಣ್ಣಿನ ಕಡೆಯವರು ಆರು ಮಂದಿ ಬಂದು ಬಂದ ದಾರಿ ಹಿಡಿದಿದ್ದರು. ಈಗ ಬಂದಿರುವುದು ಏಳನೆಯದು, ನೊಣವಿನಕೆರೆಯ ರಂಗಶಾಮಯ್ಯನ ಮಗಳು ಶಶಿರೇಖ. ರಂಗಶಾಮಯ್ಯ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರ್ ಆದವನು. ಅವನು ಹೇಳಿಕಳಿಸಿದ್ದು ಇಷ್ಟು: "ಹುಡುಗನ ಹತ್ರ ಫೋನಲ್ಲಿ ನಾಲ್ಕು ಮಾತಾಡ್ತೀನಿ. ಮಾತು ಹಿಡಿಸಿದ್ರೆ ಹೆಣ್ಣು ನೋಡೋಕೆ ಬನ್ನಿ."

ಇದೂ ತಪ್ಪಿಹೋದರೆ ಎಂಟನೆಯದು ಬರುವುದಿಲ್ಲ ಅಂತ ಸಿದ್ದಗಂಗಮ್ಮನಿಗೆ ಗೊತ್ತಿತ್ತು. "ಲೇ ಮಗ, ಗಾಡಿ ಓಡಿಸ್ತಾ ಫೋನ್ ಕಿವಿಗಿಟ್ಕೋಬ್ಯಾಡ. ಗಾಡಿಗೇ ಬ್ಲೂಟೂತ್ ಹಾಕ್ಸಿದ್ದೀಯಲ್ಲ, ಅದ್ರಲ್ಲೇ ಮಾತಾಡು. ಅವರು ಹೆಂಗ್ ಮಾತಾಡ್ತಾರೋ ನೀನೂ ಹಂಗೇ ಮಾತಾಡು" ಅಂದಳು.

"ಹಂಗೇ ಆಗ್ಲಿ ಕಣಮ್ಮ" ಅಂದ.

ಮಾರನೇ ದಿನ ಫೋನ್ ಬಂತು. ವ್ಯಾನಿನ ಸ್ಪೀಕರಿನಲ್ಲಿ ರಂಗಶಾಮಯ್ಯನ ದನಿ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಕೇಳಿಸಿತು. ಅವರು ಮೆಲ್ಲಗೆ ಮಾತಾಡಿದರೆ ನಾನೂ ಮೆಲ್ಲಗೆ ಮಾತಾಡಬೇಕಲ್ಲ? ಮೂಡ್ಲಗಿರಿಯೂ ಗುಸುಗುಸು ಅಂದ. ಆ ಕಡೆ ಮೂವತ್ತು ವರ್ಷ ಬಸ್ಸಲ್ಲಿ ಕೂಗಿ ಪಳಗಿದ ಗಂಟಲು "ಹಲೋ, ಹಲೋ" ಅಂತ ಕೂಗಿ ಕೂಗಿ ಒಣಗಿ, ಫೋನ್ ಇಟ್ಟುಬಿಟ್ಟಿತು.

"ಹೆಣ್ಣು ಕೇಳೋನು ಕಳ್ಳನ ಥರ ಪಿಸುಗುಡ್ತಾನೇನ್ಲಾ?" ಅಂತ ತಾಯಿ ಬೈದಳು.

"ಅವರೇ ಪಿಸುಗುಟ್ಟಿದ್ರಮ್ಮ."

"ಅದು ಅವರ ದನಿಯಲ್ಲ ಕಣೋ, ನಿನ್ನ ಗಾಡಿ ಹಣೆಬರ. ಹೋಗು, ಮುಬಾರಕ್ ಅಂಗಡೀಲಿ ತೋರಿಸು."

ಮುಬಾರಕ್ ಊರಿನ ಮೊಬೈಲ್ ಅಂಗಡಿಯವನು, ಬುದ್ಧಿವಂತ. "ಫೋನಿಂದು ಬೇರೆ ವಾಲ್ಯೂಮು, ಗಾಡಿದು ಬೇರೆ ವಾಲ್ಯೂಮು ಕಣಪ್ಪ. ಒಂದು ಏರ್ಸಿ ಇನ್ನೊಂದು ಬಿಟ್ರೆ ಕೇಳ್ಸಲ್ಲ. ಹಾಡು ಹಾಕ್ಕೊಂಡು ಏರ್ಸಿದ್ರೆ ಹಾಡಿಂದು ಮಾತ್ರ ಏರ್ತದೆ. ಕಾಲ್ ಬಂದು ಮಾತಾಡ್ತಿರೋವಾಗ್ಲೇ ಎರಡೂ ಪೂರ್ತಿ ಏರ್ಸು" ಅಂದ.

"ಪೂರ್ತಿನಾ?"

"ಪೂರ್ತಿ."

ಮರುದಿನ ಮೂಡ್ಲಗಿರಿ ಒಂದು ಸಾವಿನ ಮನೆಗೆ ಕುರ್ಚಿ ಇಳಿಸಲು ಹೋಗಿದ್ದ. ಹೆಣ ಇನ್ನೂ ಅಂಗಳದಲ್ಲೇ ಇತ್ತು, ಸುತ್ತ ಹೆಂಗಸರು ಅಳುತ್ತಿದ್ದರು. ಆಗಲೇ ಫೋನ್ ಬಂತು. ಓಡಿಹೋಗಿ ವ್ಯಾನ್ ಹತ್ತಿದ. ಫೋನಿಂದು ಪೂರ್ತಿ ಏರಿಸಿದ, ಗಾಡಿದು ಪೂರ್ತಿ ಏರಿಸಿದ. ಬಾಗಿಲು ಮಾತ್ರ ಹಾಕಲಿಲ್ಲ, ಅದನ್ನು ಮುಬಾರಕ್ ಹೇಳಿರಲಿಲ್ಲ.

"ಏನಪ್ಪಾ, ಮದುವೆ ಊಟಕ್ಕೆ ನಿಂಗೆ ಒಬ್ಬಟ್ಟು ಇಷ್ಟನೋ ಲಾಡು ಇಷ್ಟನೋ?" ಅಂತ ರಂಗಶಾಮಯ್ಯನ ದನಿ ಅಂಗಳದ ಮೇಲೆಲ್ಲ ಮೊಳಗಿತು. ಅಳುತ್ತಿದ್ದವರು ಅಳು ನಿಲ್ಲಿಸಿ ತಿರುಗಿ ನೋಡಿದರು.

"ಒಬ್ಬಟ್ಟೇ ಇರ್ಲಿ ಮಾವ" ಅಂತ ಇವನೂ ಗಂಟಲು ಪೂರ್ತಿ ಏರಿಸಿದ.

ಸತ್ತವನ ಭಾವಮೈದ ಇವನೇ ಇಳಿಸಿದ್ದ ಕುರ್ಚಿಯೊಂದನ್ನು ಎತ್ತಿಕೊಂಡು ಬಾಯಿಗೆ ಬಂದಂತೆ ಬೈಯುತ್ತ ಅಟ್ಟಿಸಿಕೊಂಡು ಬಂದ. ಮೂಡ್ಲಗಿರಿ ಫೋನನ್ನೂ ಕತ್ತರಿಸದೆ ವ್ಯಾನ್ ಓಡಿಸಿಕೊಂಡು ಬಂದ. ರಂಗಶಾಮಯ್ಯ ಆ ಬೈಗುಳವನ್ನೆಲ್ಲ ನೊಣವಿನಕೆರೆಯಲ್ಲಿ ಕೂತೇ ಕೇಳಿದ.

ತಾಯಿ ಹಣೆ ಚಚ್ಚಿಕೊಂಡಳು. "ಅಂಥಾ ಕಡೆ ಒಬ್ಬಟ್ಟಿನ ಮಾತಾಡ್ತಾರೇನೋ ಪೆದ್ದು? ಸೌಂಡು ಇಳಿಸ್ಬೇಕು, ತಲೆ ತಗ್ಗಿಸ್ಬೇಕು, 'ಆಗಿದ್ದು ಆಗೋಯ್ತು, ನಮ್ಮ ಕೈಲೇನೈತೆ, ಧೈರ್ಯ ತಗೊಳ್ಳಿ' ಅನ್ಬೇಕು."

"ಹಂಗೇ ಆಗ್ಲಿ ಕಣಮ್ಮ" ಅಂದ.

ಎರಡು ದಿನ ಬಿಟ್ಟು ಮತ್ತೆ ಫೋನು. ಪಾಪ, ರಂಗಶಾಮಯ್ಯ ಅವತ್ತು ಬಹಳ ಸಂತೋಷದಲ್ಲಿದ್ದ. ಹಳೆಯದನ್ನೆಲ್ಲ ಮರೆತು ತಾನೇ ಫೋನ್ ಮಾಡಿದ್ದ. "ನನ್ನ ದೊಡ್ಡ ಮಗಳಿಗೆ ಬೆಳಿಗ್ಗೆ ಗಂಡು ಮಗು ಆಯ್ತು ಕಣಪ್ಪ" ಅಂದ.

ಮೂಡ್ಲಗಿರಿ ವ್ಯಾನ್ ಪಕ್ಕಕ್ಕೆ ನಿಲ್ಲಿಸಿದ. ಫೋನಿಂದು ಇಳಿಸಿದ, ಗಾಡಿದು ಇಳಿಸಿದ, ತಲೆ ತಗ್ಗಿಸಿದ. "ಆಗಿದ್ದು ಆಗೋಯ್ತು ಮಾವ. ನಮ್ಮ ಕೈಲೇನೈತೆ? ಧೈರ್ಯ ತಗೊಳ್ಳಿ" ಅಂದ. ಆಮೇಲೆ ರಂಗಶಾಮಯ್ಯ ಏನೇನು ಕೂಗಾಡಿದನೋ, ಸೌಂಡು ಇಳಿಸಿದ್ದರಿಂದ ಇವನಿಗೆ ಒಂದೂ ಕೇಳಿಸಲಿಲ್ಲ. ದುಃಖದಲ್ಲಿ ಇದ್ದಾರೆ ಅಂದುಕೊಂಡ.

ಈ ಸಲ ಸಿದ್ದಗಂಗಮ್ಮ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟಳು. "ನಾನು ಕಣ್ಣು ಮುಚ್ಚಿದ ಮೇಲೆ ನಿನಗೆ ಒಂದು ತುತ್ತು ಅನ್ನ ಹಾಕೋರು ಯಾರೋ ಮಗನೇ" ಅಂದಳು. ಅವನಿಗೂ ಕಣ್ಣಲ್ಲಿ ನೀರು ಬಂತು, ಆದರೆ ಯಾಕೆ ಅಂತ ತಿಳಿಯಲಿಲ್ಲ.

ಅತ್ತರೆ ಆಗುತ್ತದೆಯೇ? ಸಕ್ಕರೆ ಕಟ್ಟಿಕೊಂಡು, ಮಗು ನೋಡುವ ನೆವ ಮಾಡಿ, ಅವಳೇ ಬಸ್ಸು ಹತ್ತಿ ನೊಣವಿನಕೆರೆಗೆ ಹೋದಳು. "ಹುಡುಗ ಅಪರಂಜಿ. ಗಾಡಿ ಬ್ಲೂಟೂತೇ ಸರಿಯಿಲ್ಲ, ಒಂದು ಹೇಳಿದ್ರೆ ಇನ್ನೊಂದು ಕೇಳಿಸ್ತೈತೆ" ಅಂತ ತಪ್ಪನ್ನೆಲ್ಲ ಬ್ಲೂಟೂತ್ ತಲೆಗೆ ಕಟ್ಟಿದಳು. ರಂಗಶಾಮಯ್ಯ ಮುಖ ಗಂಟಿಕ್ಕಿಕೊಂಡೇ ಇದ್ದ. ಒಳಗಿನ ಕೋಣೆಯಲ್ಲಿ ಶಶಿರೇಖ ಮಾತ್ರ ಬಾಯಿಗೆ ವೇಲು ಅಡ್ಡ ಹಿಡಿದು ನಗುತ್ತಿದ್ದಳು. ಆ 'ಧೈರ್ಯ ತಗೊಳ್ಳಿ' ನೆನೆಸಿಕೊಂಡು ಅವಳು ಎರಡು ದಿನದಿಂದ ನಗುತ್ತಲೇ ಇದ್ದಳು.

"ಆಗ್ಲಿ. ಫೋನಿನ ಸಹವಾಸ ಸಾಕು. ಭಾನುವಾರ ಕರ್ಕೊಂಡ್ ಬನ್ನಿ. ಇದೇ ಕೊನೆ" ಅಂದ ರಂಗಶಾಮಯ್ಯ.

ಸಿದ್ದಗಂಗಮ್ಮ ಮಗನನ್ನು ಮತ್ತೆ ಮುಬಾರಕ್ ಹತ್ತಿರ ಅಟ್ಟಿದಳು. ಮುಬಾರಕ್ ಅಂದ: "ಏರ್ಸೋದು ಇಳಿಸೋದು ಬಿಡು. ಮಾತು ಸರಿಯಾಗಿ ಕೇಳ್ಸಲಿಲ್ಲ ಅಂದ್ರೆ ಒಂದೇ ಮದ್ದು. ಫೋನಲ್ಲಿ ಹಳೇ ಬ್ಲೂಟೂತ್ ಜೋಡೀನ ಮರೆತುಬಿಡು ಅಂತ ಒತ್ತು. ಹತ್ತು ಹೆಜ್ಜೆ ದೂರ ಹೋಗಿ ಒಂದು ನಿಮಿಷ ಸುಮ್ನೆ ನಿಂತ್ಕೋ. ವಾಪಸ್ ಬಂದು ಗಾಡಿಗೆ ಹೊಸದಾಗಿ ಫೋನಿನ ಹೆಸರು ತೋರ್ಸು. ಜೋಡಿ ಮಾಡ್ಲಾ ಅಂತ ಫೋನು ಕೇಳ್ತದೆ, ಆ ಕಡೆ ಗಾಡಿಯಿಂದ ಹೂಂ ಅನ್ಬೇಕು. ಹೂಂ ಅಂದ ತಕ್ಷಣ ಗಾಡಿ ತಗೊಂಡು ಒಂದು ರೌಂಡು ಹೊಡೆದು ಸೌಂಡು ನೋಡು." ಹೇಳಿದ್ದಲ್ಲದೆ ವ್ಯಾನಿನಲ್ಲಿ ಮಾಡಿಯೂ ತೋರಿಸಿದ. ಸೌಂಡು ಗಂಟೆ ಬಾರಿಸಿದಂತೆ ಬಂತು. ಮೂಡ್ಲಗಿರಿ ಮನೆವರೆಗೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದ.

ಭಾನುವಾರ ಬಂತು. ರಂಗಶಾಮಯ್ಯನ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ಆಯಿತು. ವ್ಯಾನಿನಲ್ಲಿ ಬರುವಾಗ ದಾರಿಯುದ್ದಕ್ಕೂ ತಾಯಿ ಹೇಳಿದ್ದು ಒಂದೇ: "ಹುಡುಗಿ ಹತ್ರ ಹೆಸರೇನು ಅಂತ ಕೇಳು. ಆಮೇಲೆ ಬಾಯಿಗೆ ಬೀಗ ಹಾಕ್ಕೋ." ಆ ಕಡೆ ಶಶಿರೇಖಳಿಗೂ ಅವರಜ್ಜಿ ಹೇಳಿಕೊಟ್ಟಿದ್ದಳು, ಗಂಡಿನ ಮುಂದೆ ದನಿ ಎತ್ತಬಾರದು ಅಂತ.

"ಹೆಸರೇನು?" ಅಂದ ಮೂಡ್ಲಗಿರಿ.

ಶಶಿರೇಖಳ ತುಟಿ ಅಲ್ಲಾಡಿತು, ದನಿ ಬರಲಿಲ್ಲ.

"ಕೇಳಿಸ್ಲಿಲ್ಲ."

ಮತ್ತೆ ತುಟಿ ಅಲ್ಲಾಡಿತು. ಮೂಡ್ಲಗಿರಿ ಎದ್ದು ನಿಂತ. "ಮಾತು ಸರಿಯಾಗಿ ಕೇಳಿಸ್ತಿಲ್ಲ. ನಿಮ್ಮನ್ನ ಮರೆತುಬಿಡ್ತೀನಿ" ಅಂತ ಹೇಳಿ ಹೊರಟೇಹೋದ.

ಅಂಗಳದಿಂದ ಅವನು ಹೆಜ್ಜೆ ಎಣಿಸುವುದು ಕೇಳಿಸುತ್ತಿತ್ತು. ಒಂದು, ಎರಡು, ಮೂರು. ಹತ್ತಾದ ಮೇಲೆ ಸದ್ದಿಲ್ಲ. ಸಿದ್ದಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಏಳನೆಯದೂ ಮುಗಿಯಿತು ಅಂದುಕೊಂಡಳು.

ಒಂದು ನಿಮಿಷಕ್ಕೆ ಸರಿಯಾಗಿ ಮೂಡ್ಲಗಿರಿ ಬಾಗಿಲಲ್ಲಿ ಬಂದು ನಿಂತ. ಕೈಮುಗಿದ. "ನನ್ನ ಹೆಸರು ಮೂಡ್ಲಗಿರಿ. ಜೋಡಿ ಮಾಡ್ಲಾ?" ಅಂದ.

ರಂಗಶಾಮಯ್ಯ ಸಿಟ್ಟಿನಿಂದ ಏಳುವುದರಲ್ಲಿದ್ದ. ಅಷ್ಟರಲ್ಲಿ ಶಶಿರೇಖ ನಗು ತಡೆಯಲಾರದೆ, "ಹೂಂ!" ಅಂದಳು. ಹಿತ್ತಲಲ್ಲಿದ್ದ ಕಿವುಡು ಅಜ್ಜಿಗೂ ಕೇಳಿಸಿತು. ಮೂರು ಗಂಡು ಬಂದು ಹೋದರೂ ತುಟಿ ಬಿಚ್ಚದ ಮಗಳು ಇವಳು. ರಂಗಶಾಮಯ್ಯ ಹಾಗೇ ಕೂತ. ಸಿದ್ದಗಂಗಮ್ಮ ಓಡಿಹೋಗಿ ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಅಳುತ್ತ ನಗುತ್ತ ಮಗನ ಕಡೆ ತಿರುಗಿದಳು. ಮಗ ಎಲ್ಲಿ? ಹೊರಗೆ ವ್ಯಾನ್ ಸ್ಟಾರ್ಟ್ ಆಗಿ ಬೀದಿ ದಾಟಿದ ಸದ್ದು ಕೇಳಿಸಿತು. ಹೂಂ ಅಂದ ತಕ್ಷಣ ರೌಂಡು ಹೊಡೆಯಬೇಕಲ್ಲ!

ರಂಗಶಾಮಯ್ಯ ಫೋನ್ ಮಾಡಿದ. "ಅಳಿಯಂದ್ರೇ, ನಿಮ್ಮಮ್ಮನ್ನ ಇಲ್ಲೇ ಬಿಟ್ಟೋಗಿದ್ದೀರ. ತಿರುಗಿಸ್ಕೊಂಡು ಬನ್ನಿ."

ಮೂಡ್ಲಗಿರಿಗೆ ಸಂತೋಷದಿಂದ ಕಣ್ಣು ತುಂಬಿತು. "ಎಂಥಾ ಸೌಂಡು ಮಾವ! ಒಂದೊಂದು ಅಕ್ಷರನೂ ಕೇಳಿಸ್ತು. ಇನ್ನೊಂದ್ಸಲ ಹೇಳಿ, ಹಿಂದಿನ ಸ್ಪೀಕರಲ್ಲೂ ಬರ್ತೈತಾ ನೋಡ್ತೀನಿ."

ರಂಗಶಾಮಯ್ಯ ಇನ್ನೊಂದು ಸಲ ಹೇಳಿದ.

"ಬಂತು ಮಾವ, ಅದ್ರಲ್ಲೂ ಬಂತು" ಅಂತ ಫೋನ್ ಇಟ್ಟು, ಈ ಒಳ್ಳೇ ಸುದ್ದಿಯನ್ನು ಮೊದಲು ಅಮ್ಮನಿಗೆ ಹೇಳಬೇಕು ಅಂತ ಮೂಡ್ಲಗಿರಿ ಸೀದಾ ತನ್ನೂರಿನ ಕಡೆಗೆ ಗಾಡಿ ಬಿಟ್ಟ.