ಆ ಕಡೆಗೆ ದಾರಿ

ಮೇಲ್ಸೇತುವೆ ಕಟ್ಟುವಾಗ ಕೆಳಗಿನ ಪೇಟೆ ರಸ್ತೆಯ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಈ ಕಡೆ ಹೂ ಮಾರುವ ಚೌಡಮ್ಮ, ಆ ಕಡೆ ಬಳೆ ಮಾರುವ ಜೈತುನ್‌ಬೀ. ವರ್ಷಗಟ್ಟಲೆ ಒಟ್ಟಿಗೆ ಕೂತು ಉಂಡವರು ಈಗ ದೂರದಿಂದಲೇ ಮುಖ ನೋಡಿಕೊಳ್ಳುವಂತಾಯಿತು.

ಉದ್ಘಾಟನೆಯ ಹಿಂದಿನ ದಿನ ಎಂಜಿನಿಯರ್ ಸಾಹೇಬರು ಬಂದರು. "ಏಯ್ ಮುದುಕಿ, ಮಂತ್ರಿಗಳು ಬರ್ತಾರೆ. ಬುಟ್ಟಿ ಎತ್ಕೊಂಡು ಆ ಕಡೆ ಹೋಗು. ಈಗಲೇ!"

ಚೌಡಮ್ಮ ತಕರಾರು ಮಾಡಲಿಲ್ಲ. ಬುಟ್ಟಿ ತಲೆಗೇರಿಸಿದಳು. "ಆಗಲಿ ಸ್ವಾಮಿ. ರಸ್ತೆ ಮಾಡಿದೋರು ನೀವು. ಮುಂದೆ ನಡೀರಿ, ನಿಮ್ಮ ಹಿಂದೇನೇ ಬರ್ತೀನಿ."

ಜನ ನೋಡುತ್ತಿದ್ದರು. ಸಾಹೇಬರು ಠೀವಿಯಿಂದ ರಸ್ತೆಗಿಳಿದರು. ಬಸ್ಸೊಂದು ಹಾರನ್ ಹೊಡೆಯಿತು, ಹಿಂದಕ್ಕೆ ಹಾರಿದರು. ಮತ್ತೆ ಇಳಿದರು, ಆಟೋದವನು ಬೈದ. ಕೊನೆಗೆ ಹೇಗೋ ಓಡಿ ಗೋಡೆ ಮುಟ್ಟಿದರು. ಹತ್ತಲೂ ಆಗದೆ, ವಾಪಸ್ ಬರಲೂ ಆಗದೆ ಅದಕ್ಕೇ ಅಂಟಿಕೊಂಡು ನಿಂತರು.

"ನಾನೂ ಬರ್ಲಾ ಸ್ವಾಮಿ?" ಎಂದು ಚೌಡಮ್ಮ ಕೂಗಿದಳು.

"ಬೇಡ ತಾಯಿ, ಅಲ್ಲೇ ಇರಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆ ಊರೆಲ್ಲ ಹರಡಿತು. ಕೆಲವು ತಿಂಗಳಲ್ಲಿ ಗೋಡೆ ಒಡೆದು ದಾರಿ ಬಿಟ್ಟರು, ಸಿಗ್ನಲ್ ಹಾಕಿದರು.

ಮೊದಲ ದಿನವೇ ಚೌಡಮ್ಮ ಊಟದ ಡಬ್ಬಿ ಹಿಡಿದು ದಾಟಿದಳು. ಜೈತುನ್‌ಬೀ ಇರಲಿಲ್ಲ. ಗಿರಾಕಿಗಳು ದಾಟಿ ಬರಲಾರದೆ ಅವಳ ವ್ಯಾಪಾರ ಬಿದ್ದುಹೋಗಿತ್ತು. ಹಿಂದಿನ ವಾರವಷ್ಟೇ ಮಗಳ ಊರಿಗೆ ಹೋಗಿಬಿಟ್ಟಿದ್ದಳು.

"ಹೋಗುವಾಗ ಇಲ್ಲೇ ನಿಂತು ನಿಮ್ಮನ್ನ ಕೂಗಿದ್ಲು," ಎಂದ ಪಕ್ಕದ ಎಳನೀರಿನವನು. "ಬಸ್ಸಿನ ಸದ್ದಲ್ಲಿ ಕೇಳಿಸಲಿಲ್ಲವೇನೋ."

"ಕೈ ಬೀಸಿದ್ದು ಕಂಡಿತ್ತಪ್ಪ," ಎಂದಳು ಚೌಡಮ್ಮ. "ಊಟ ಆಯ್ತಾ ಅಂತ ಕೇಳ್ತಿದಾಳೆ ಅಂದ್ಕೊಂಡು, ನಾನೂ ನಗ್ತಾ ಬೀಸಿದೆ."