ಎಂಟನೆಯ ಡಬ್ಬಿ

ನದಿಯ ದಂಡೆಯ ಆಶ್ರಮವೊಂದರಲ್ಲಿ ಮುಪ್ಪಿನ ಗುರುಗಳಿದ್ದರು. ಸುತ್ತಲಿನ ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಶಿಷ್ಯ ಸಂಗನಬಸು. ಧ್ಯಾನಕ್ಕೆ ಕೂತರೆ ತೂಕಡಿಸುವವನು, ಕೈಗೆ ಒಂದು ತುಂಡು ತಂತಿ ಕೊಟ್ಟರೆ ಊಟವನ್ನೇ ಮರೆಯುತ್ತಿದ್ದ. ಅಜ್ಜಾರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಹುಡುಗ ಎಚ್ಚರವಿರುವುದು ಅಲ್ಲೇ ಆದರೆ ಅಲ್ಲೇ ಕಲಿಯಲಿ ಎಂದು ಬಿಟ್ಟಿದ್ದರು.

ಆಶ್ರಮದ ಮುಂದೆ ಹಾಯುವ ಕರೆಂಟಿನ ತಂತಿ ದಂಡೆಗುಂಟ ದೂರ ಹೋಗಿ ನೇಕಾರರ ಓಣಿಯಲ್ಲಿ ಮುಗಿಯುತ್ತಿತ್ತು. ಓಣಿಯ ಕೊನೆಯ ಮನೆ ಅಂಬವ್ವನದು. ಅವಳ ವಿದ್ಯುತ್ ಮಗ್ಗದ ಮೋಟಾರು ಎರಡು ಸಲ ಸುಟ್ಟಿತ್ತು. ಕರೆಂಟು ಸಾಲದೆ ಮೋಟಾರು ತಿಣುಕಿ ಸುಡುತ್ತದೆ, ಓಣಿಗೊಂದು ಟ್ರಾನ್ಸ್‌ಫಾರ್ಮರ್ ಕೊಡಿಸಿ ಎಂದು ಅವಳು ಕೇಳದ ಜನರಿಲ್ಲ. ಗೊಣಗುವುದೇ ಅವಳ ಕಸುಬು ಎಂದು ಊರವರು ನಗುತ್ತಿದ್ದರು.

ಕಡೆಗೆ ಅವಳ ಅರ್ಜಿ ನೋಡಿ ವಿದ್ಯುತ್ ಕಚೇರಿಯ ಸಾಹೇಬರು ತಾವೇ ಬಂದು ನೋಡುವುದೆಂದಾಯಿತು. ಕರೆಂಟು ಸರಿಯಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು ಎಂದೂ ಅವರು ಹೇಳಿ ಕಳಿಸಿದ್ದರು. ಹಾಗಾದರೆ ಅಂಬವ್ವನ ಮಗ್ಗವೂ ಮುಗಿದ ಹಾಗೆ.

ಸಂಗನಬಸು ಸಾಹೇಬರಿಗೆ ಅಂಕಿ ತೋರಿಸಲೆಂದೇ ಎಂಟು ಡಬ್ಬಿ ಮಾಡಿದ. ಹೊರಗೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ, ಒಳಗೆ ಅಗ್ಗದ ಬಿಡಿಭಾಗಗಳು. ಗೋಡೆಯ ಪ್ಲಗ್ಗಿಗೆ ಚುಚ್ಚಿಟ್ಟರೆ ಅಲ್ಲಿ ಎಷ್ಟು ವೋಲ್ಟೇಜು ಇದೆಯೆಂದು ಅವನ ಮೊಬೈಲಿಗೆ ಹಗಲೂ ರಾತ್ರಿ ಹೇಳುತ್ತಿತ್ತು.

ಸಾಹೇಬರು ಬರುವ ದಿನ ಬೆಳಿಗ್ಗೆ ಅವನು ಮೊಬೈಲು ಹಿಡಿದು ಓಡಿ ಬಂದ. ಅಜ್ಜಾರು ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಜ್ಜಾರ, ನೋಡ್ರಿ! ಎಂಟೂ ಡಬ್ಬಿ ಇನ್ನೂರಾ ಇಪ್ಪತ್ತೈದು ತೋರಸ್ತಾವ."

"ಎಂಟೂ ಒಂದ ಮಾತು?"

"ಹೌದ್ರಿ."

"ನಮ್ಮಲ್ಲಿ ಎಂಟು ಮಂದಿ ಸಾರಿನ ಉಪ್ಪಿನ ಬಗ್ಗೆ ಸೈತ ಒಂದ ಮಾತು ಆಡಂಗಿಲ್ಲ. ಇವು ಭಾರಿ ಒಗ್ಗಟ್ಟಿನಾವು ಅದಾವಲ್ಲೋ."

ಸಂಗನಬಸು ನಕ್ಕ. "ನಿನ್ನೀತನಕ ಒಂದು ಹಟಾ ಮಾಡ್ತಿತ್ತರಿ. ಅಂಬವ್ವನ ಮನೀದು. ನೂರಾ ಎಪ್ಪತ್ತು ಅಂತಿತ್ತು. ಹೋಗಿ ಒಳಗಿನ ಅಂಕಿ ಹೊಂದಿಸೋ ಸ್ಕ್ರೂ ತಿರುವಿ ಸರಿ ಮಾಡಿ ಬಂದೆ."

"ಅದು ಕೆಟ್ಟೈತಿ ಅಂತ ಹೆಂಗ ತಿಳೀತು?"

"ಉಳದ ಏಳೂ ಇನ್ನೂರಾ ಇಪ್ಪತ್ತೈದು ಅಂತಿದ್ವಲ್ರಿ."

"ಆ ಏಳು ಎಲ್ಲಿ ಅದಾವ?"

"ಇಲ್ಲೇ ಆಶ್ರಮದಾಗ್ರಿ. ಅಡಗಿಮನಿ, ಗೋಶಾಲಿ, ನಿಮ್ಮ ಕೋಣಿ... ಇಲ್ಲೇ ಇದ್ರ ನನಗ ನೋಡಾಕ ಸಲೀಸು."

ಅಜ್ಜಾರು ಒಂದು ಬೀಜವನ್ನು ಪಕ್ಕಕ್ಕೆ ಹಾಕಿದರು.

"ಅಂಬವ್ವನ ಮನ್ಯಾಗ ಬಲ್ಬು ಹೆಂಗ ಉರೀತಿತ್ತು?"

ಸಂಗನಬಸು ಮೊಬೈಲು ಕೆಳಗಿಳಿಸಿದ.

"ನೋಡ್ಲಿಲ್ರಿ. ಡಬ್ಬಿ ನೋಡಾಕತ್ತಿದ್ದೆ."

"ಆಕಿ ಏನಂದ್ಲು?"

"ಕರೆಂಟು ಕಡಿಮಿ ಐತಿ ತಮ್ಮಾ, ಅಂದ್ಲು. ಡಬ್ಬಿ ಕೆಟ್ಟೈತವ್ವಾ, ಅಂದೆ. ಸುಮ್ಮನಾದ್ಲು."

ಅಜ್ಜಾರು ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

"ಆ ಡಬ್ಬಿ ಇಲ್ಲಿ ತಗೊಂಬಾ. ಸ್ಕ್ರೂ ಮುಟ್ಟಬ್ಯಾಡ."

ಯಾಕೆಂದು ತಿಳಿಯದಿದ್ದರೂ ಸಂಗನಬಸು ಸೈಕಲ್ ಹತ್ತಿ ಹೋಗಿ ತಂದ. ಅಜ್ಜಾರು ಅದನ್ನು ತಮ್ಮ ಕೋಣೆಯಲ್ಲಿ ಮೊದಲೇ ಇದ್ದ ಡಬ್ಬಿಯ ಪಕ್ಕದ ಪ್ಲಗ್ಗಿಗೇ ಚುಚ್ಚಿಸಿದರು.

ಕೋಣೆಯ ಡಬ್ಬಿ ಇನ್ನೂರ ಇಪ್ಪತ್ತೈದು ಎಂದಿತು. ಅಂಬವ್ವನ ಮನೆಯ ಡಬ್ಬಿ ಮುನ್ನೂರು ಎಂದಿತು.

"ಮುನ್ನೂರು!" ಸಂಗನಬಸು ಬೆಚ್ಚಿದ. "ಅಷ್ಟು ಬಂದಿದ್ರ ಆಶ್ರಮದ ಬಲ್ಬೆಲ್ಲಾ ಸುಟ್ಟು ಹೋಗ್ತಿದ್ವು. ಇದು ಸುಳ್ಳು ಹೇಳಾಕತ್ತೈತಿ, ಅಜ್ಜಾರ."

"ಅದಕ್ಕ ಸುಳ್ಳು ಕಲಿಸಿದವರ್ಯಾರು?"

ಸಂಗನಬಸುವಿಗೆ ಹೊಳೆಯಿತು: ತಾನು ಸ್ಕ್ರೂ ತಿರುವಿ ಏರಿಸಿದ್ದೇ ಇಲ್ಲಿ ಹೆಚ್ಚಾಗಿ ಕಾಣುತ್ತಿತ್ತು, ಹಾಗಾದರೆ ಮೊದಲಿನ ನೂರ ಎಪ್ಪತ್ತೇ ನಿಜ. ನಿನ್ನೆಯವರೆಗೆ ಆ ಓಣಿಯಲ್ಲಿ ಅಂಬವ್ವನ ಮಾತಿಗೆ ಹೌದೆಂದದ್ದು ಅದೊಂದೇ ಡಬ್ಬಿ. ಅದರ ಬಾಯನ್ನೂ ತಾನೇ ತಿರುವಿ ಬಂದಿದ್ದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ಸಾಹೇಬ್ರ ಮುಂದ ಒಂದು ಡಬ್ಬಿ ಬ್ಯಾರೆ ಹೇಳಿದ್ರ, ಸೋಪಿನ ಡಬ್ಬಿ ಅಲ್ಲೇನೋ ಅಂತ ನಗತಾರ ಅನ್ನಿಸ್ತರಿ. ನನ್ನ ಮಾನಾ ನೋಡ್ಕೊಂಡೆ. ಆಕಿ ಮಗ್ಗ ನೋಡ್ಲಿಲ್ಲ."

"ಸಾಹೇಬ್ರು ಇನ್ನೂ ಬಂದಿಲ್ಲ," ಎಂದರು ಅಜ್ಜಾರು.

ಸಂಗನಬಸು ಅಲ್ಲೇ ಕೂತ. ಎರಡೂ ಡಬ್ಬಿ ಒಂದೇ ಗೋಡೆಯಲ್ಲಿ ಒಂದೇ ಅಂಕಿ ಹೇಳುವವರೆಗೆ ಸ್ಕ್ರೂವನ್ನು ಹಿಂದಕ್ಕೆ ತಿರುವಿದ. ಡಬ್ಬಿಯನ್ನು ಅಂಗಿಯೊಳಗೆ ಹಾಕಿಕೊಂಡು ಮತ್ತೆ ಸೈಕಲ್ ಹತ್ತಿದ.

ಅಂಬವ್ವನ ಮನೆಯಲ್ಲಿ ಮಗ್ಗ ನಿಂತಿತ್ತು. ಈ ಸಲ ಅವನು ಮೊದಲು ತಲೆಯೆತ್ತಿ ಬಲ್ಬು ನೋಡಿದ. ಒಳಗಿನ ತಂತಿ ಆರುವ ಕೆಂಡದ ಹಾಗೆ ಬರೀ ಕೆಂಪಗಿತ್ತು. ಆಮೇಲೆ ಡಬ್ಬಿ ಚುಚ್ಚಿದ. ನೂರ ಎಪ್ಪತ್ತು.

"ಯವ್ವಾ, ನೀ ಅಂದಿದ್ದ ಖರೆ. ಡಬ್ಬಿ ನೆಟ್ಟಗ ಇತ್ತು. ನಾನ ಕೆಡಿಸಿದ್ದೆ. ತಪ್ಪಾತು."

ಅಂಬವ್ವ ಅವನನ್ನೂ ಡಬ್ಬಿಯನ್ನೂ ನೋಡಿದಳು.

"ಹೋಗ್ಲಿ ಬಿಡೋ ತಮ್ಮಾ. ನನ್ನ ಮಾತಿಗೆ ಸೋಪಿನ ಡಬ್ಬಿನಾರ ಹೌದು ಅಂತಲ್ಲ!" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಕ್ಕೆ ನೀರಿಟ್ಟಳು.

ಚಹ ಕುದಿಯುವಷ್ಟರಲ್ಲಿ ಸಾಹೇಬರು ಬಂದರು. ಡಬ್ಬಿ ನೋಡಿದರು, ನಕ್ಕರು. ಸಂಗನಬಸು ಹೆದರಿದ್ದ ನಗು ಅದೇ. ಬಂದೂ ಬಿಟ್ಟಿತು, ಅವನಿಗೇನೂ ಆಗಲಿಲ್ಲ.

ಡಬ್ಬಿಯ ಮಾತು ನಿಜವೋ ನೋಡೋಣವೆಂದು ಸಾಹೇಬರು ಚರ್ಮದ ಚೀಲದಿಂದ ತಮ್ಮ ದೊಡ್ಡ ಮೀಟರು ತೆಗೆದು ಅದೇ ಪ್ಲಗ್ಗಿಗೆ ಹಿಡಿದರು. ನೂರ ಅರವತ್ತೊಂಬತ್ತು. ಅವರ ನಗು ನಿಂತಿತು.

"ತಂತಿ ಇಷ್ಟು ದೂರ ಬಂದ್ರ ಕರೆಂಟು ಇಳೀತೈತಿ. ಇಷ್ಟರಾಗ ಮಗ್ಗ ಹೆಂಗ ನಡೀಬೇಕವಾ?" ಎಂದರು ಅಂಬವ್ವನಿಗೆ. ಅವಳು ಇಷ್ಟು ದಿನ ಎಲ್ಲರನ್ನೂ ಕೇಳಿದ್ದು ಅದನ್ನೇ. ಸಾಹೇಬರು ಮಗ್ಗದ ಮೇಲೆಯೇ ಅರ್ಜಿ ಇಟ್ಟುಕೊಂಡು, ಓಣಿಗೆ ಟ್ರಾನ್ಸ್‌ಫಾರ್ಮರ್ ಬೇಕು ಎಂದು ಬರೆದು ಸಹಿ ಹಾಕಿದರು.

ಹೊರಡುವಾಗ ಸಂಗನಬಸುವಿನ ಕಡೆ ತಿರುಗಿದರು. "ಇಂಥವು ಇನ್ನೊಂದಿಷ್ಟು ಮಾಡಿ ಕೊಡ್ತೀಯೇನು? ನನ್ನ ಕಡೆ ಮೀಟರು ಇದೊಂದ ಐತಿ. ಊರು ಬಾಳ ಅದಾವ."

ಸಂಗನಬಸು ಆಶ್ರಮಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಅಜ್ಜಾರು ಬಿಡಿಸಿದ ಹುಣಸೆಹಣ್ಣನ್ನು ಗಡಿಗೆಗೆ ಒತ್ತಿ ತುಂಬುತ್ತಿದ್ದರು. ಅವನು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಮನಸ್ಸು ತುಂಬಿ ಬಂತು. ಇಬ್ಬರೂ ಕೂಡಿ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದರು.

"ನಾಳಿಂದ ಹೊಸ ಡಬ್ಬಿ ಮಾಡ್ತೀನ್ರಿ, ಅಜ್ಜಾರ. ಮೊದ್ಲ ಎಲ್ಲಾನೂ ನಿಮ್ಮ ಕೋಣ್ಯಾಗ ಒಂದ ಕಡೆ ಚುಚ್ಚಿ ತಾಳೆ ನೋಡ್ತೀನಿ."

"ನೋಡು."

"ಆದ್ರ ಆ ಊರುಗಳು ನನಗ ಗೊತ್ತಿಲ್ರಿ. ಹೊಸಾ ಊರಾಗ ಮೊದಲನೇ ಡಬ್ಬಿ ಯಾರ ಮನ್ಯಾಗ ಇಡ್ಲಿ?"

ಅಜ್ಜಾರು ಕೈ ತೊಳೆದುಕೊಂಡರು.

"ಇಲ್ಲಿ ಗೊಣಗೋರು ಯಾರದಾರ್ರಿ ಅಂತ ಕೇಳು. ಮನಿ ತೋರಸ್ತಾರ."